ಮೊದಲು ಬಲೆ, ಆಮೇಲೆ ರಾಸ್ ಮೀನು

ದಾವಣಗೆರೆಯ ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ತೊಟ್ಟಿ ಇಟ್ಟಿದ್ದೀರಿ, ಒಂದು ಜೋಡಿ ಕ್ಲೌನ್ ಮೀನು ಎಂಟು ತಿಂಗಳಿಂದ ಚೆನ್ನಾಗಿವೆ. ಇನ್ನು ಬಣ್ಣಬಣ್ಣದ ಸಣ್ಣ ರಾಸ್ ಮೀನುಗಳನ್ನು ತರಬೇಕು; ನಮ್ಮ ಬಿಸಿಲಿಗೆ ಅವು ತಡೆಯುತ್ತವೆಯೇ, ಯಾವುದನ್ನು ಮೊದಲು ತರಲಿ ಎಂದು ಕೇಳಿದ್ದೀರಿ. ನಿಮ್ಮಿಂದ ಅರವತ್ತು ಕಿಲೋಮೀಟರ್ ಆಚೆ, ಚಿತ್ರದುರ್ಗದಲ್ಲಿ ಆರು ವರ್ಷದಿಂದ ಇದೇ ಹುಚ್ಚು ಹಚ್ಚಿಕೊಂಡವನು ನಾನು. ತಡೆಯುತ್ತವೆ. ಆದರೆ ಮೊದಲು ತೊಟ್ಟಿಯ ಬಾಯಿಗೊಂದು ಬಲೆ ತನ್ನಿ.

ನನ್ನ ಮೊದಲ ಫೇರಿ ರಾಸ್ ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದದ್ದು. ದಾರಿಯುದ್ದಕ್ಕೂ ಥರ್ಮೋಕೋಲ್ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಅದು ಕಾಣಲಿಲ್ಲ. ಕಲ್ಲಿನ ಸಂದುಗೊಂದಿಗಳಿಗೆಲ್ಲ ಟಾರ್ಚ್ ಹಾಕಿ ನೋಡಿದೆ. ಕೊನೆಗೆ ಇರುವೆಗಳ ಸಾಲು ದಾರಿ ತೋರಿಸಿತು: ಗೋಡೆಗೂ ಸ್ಟ್ಯಾಂಡಿಗೂ ನಡುವೆ, ಬಿಸಿಲಿಗೆ ಬಿದ್ದ ಕರಿಬೇವಿನ ಎಲೆಯಂತೆ ಮುರುಟಿಕೊಂಡಿತ್ತು. ಗಾಜಿನ ಮುಚ್ಚಳವೇನೋ ಇತ್ತು. ನೀರಿನ ಕೊಳವೆ ಇಳಿಬಿಡಲು ಅದರ ಮೂಲೆಯಲ್ಲಿ ಎರಡು ಬೆರಳಗಲ ಕತ್ತರಿಸಿದ್ದೆ, ಅಷ್ಟೇ. ಓಬವ್ವನ ಕಿಂಡಿಯನ್ನು ಚಿಕ್ಕಂದಿನಿಂದ ನೋಡಿಕೊಂಡು ಬೆಳೆದವನಿಗೆ ಇಷ್ಟು ಹೊಳೆಯಬೇಡವೇ?

ರಾಸ್‌ಗಳು ಬೆದರಿದರೆ ಮೇಲಕ್ಕೆ ಚಿಮ್ಮುತ್ತವೆ. ಹೊಸ ಜಾಗ, ಥಟ್ಟನೆ ಆರಿದ ದೀಪ, ಅಟ್ಟಿಸಿಕೊಂಡು ಬರುವ ಹಳೆಯ ಮೀನು, ಯಾವುದಾದರೂ ನೆಪ ಸಾಕು. ನಮ್ಮ ಬಯಲುಸೀಮೆಯಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ತೊಟ್ಟಿಯ ನೀರು 24ರಿಂದ 26 ಡಿಗ್ರಿ ಇರಬೇಕು. ಏಪ್ರಿಲ್‌ನಲ್ಲಿ ಗಾಜು ಮುಚ್ಚಿಟ್ಟರೆ ಶಾಖ ಒಳಗೇ ನಿಲ್ಲುತ್ತದೆ. ತಡೆಯಲಾರದೆ ಜನ ಮುಚ್ಚಳ ತೆಗೆದಿಡುತ್ತಾರೆ, ಮೀನು ಹಾರುತ್ತದೆ. ಅದಕ್ಕೇ ಬಲೆ. ಕಿಟಕಿಗೆ ಸೊಳ್ಳೆಪರದೆ ಕೂರಿಸುವವರಿಂದ ಅಲ್ಯೂಮಿನಿಯಂ ಚೌಕಟ್ಟು ಮಾಡಿಸಿ, 6 ಮಿಲಿಮೀಟರ್ ಕಣ್ಣಿನ ಪಾರದರ್ಶಕ ನೈಲಾನ್ ಬಲೆ ಬಿಗಿಸಿ. ಸೊಳ್ಳೆಪರದೆಯನ್ನೇ ಹಾಕಬೇಡಿ, ಅದರ ಕಣ್ಣುಗಳು ಉಪ್ಪಿನಿಂದ ಕಟ್ಟಿಕೊಂಡು ಬೆಳಕು ತಡೆಯುತ್ತವೆ. ಬಲೆಯ ಮೇಲಿಂದ ಒಂದು ಸಣ್ಣ ಫ್ಯಾನ್ ಬೀಸಲಿ. ನಮ್ಮ ಗಾಳಿ ಒಣ, ನೀರು ಬೇಗ ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರಿನವರಿಗೆ ಈ ಭಾಗ್ಯವಿಲ್ಲ. ಬೇಸಿಗೆಯಲ್ಲಿ ನನ್ನ ತೊಟ್ಟಿ ದಿನಕ್ಕೆ ಮೂರು ನಾಲ್ಕು ಲೀಟರ್ ಕುಡಿಯುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ತುಂಬಿಸುವಾಗ ಉಪ್ಪುನೀರು ಬೇಡ, ಆರ್‌ಓ ನೀರು ಹಾಕಿ, ಉಪ್ಪಿನ ಪ್ರಮಾಣ ತಿಳಿಸುವ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು ಇರುವಂತೆ ನೋಡಿಕೊಳ್ಳಿ. ಬೋರ್‌ವೆಲ್ ನೀರನ್ನಂತೂ ಮುಟ್ಟಲೇಬೇಡಿ. ನಮ್ಮ ಜಿಲ್ಲೆಯ ಗಡಸುನೀರು, ಫ್ಲೋರೈಡ್ ಸಂಗತಿ ನಿಮಗೂ ಗೊತ್ತಿರುವುದೇ.

ಇನ್ನು ಮೀನಿಗೆ ಬರೋಣ. ಈ ಹೆಸರು ಕೇಳಿದಾಗ ನಮ್ಮ ತಂದೆ, ‘ರಾಸು ಕೊಳ್ಳುವ ಮುಂಚೆ ಹಲ್ಲು ನೋಡಿದೆಯಾ?’ ಎಂದಿದ್ದರು. ತಮಾಷೆಗೆ ಹೇಳಿದ್ದು, ಆದರೆ ಕೊಳ್ಳುವ ರೀತಿ ಅದೇ. ಅಂಗಡಿಯವನಿಗೆ ನಿಮ್ಮ ಎದುರಿಗೇ ಮೈಸಿಸ್ ಸೀಗಡಿ ಹಾಕಲು ಹೇಳಿ. ಓಡಿಬಂದು ತಿನ್ನದ ಮೀನನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟುಬನ್ನಿ. ಬೆನ್ನು ಕೃಶವಾಗಿ, ಹೊಟ್ಟೆ ಒಳಸರಿದಿದ್ದರೂ ಅಷ್ಟೇ.

ರಾಸ್ ಕುಟುಂಬದಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ, ಎರಡು ಮೀಟರ್ ಬೆಳೆಯುವ ನೆಪೋಲಿಯನ್ ರಾಸ್ ಕೂಡ ಇದರದೇ ಬಳಗ. ನಿಮ್ಮ ತೊಟ್ಟಿಗೆ ಮೊದಲು ಹಳದಿ ರಾಸ್ ತನ್ನಿ. ಹನ್ನೆರಡು ಸೆಂಟಿಮೀಟರ್ ದಾಟದ, ಅರಿಸಿನದ ಕೊಂಬಿನ ಬಣ್ಣದ ಮೀನು. ರಾತ್ರಿ ಮರಳಿನೊಳಗೆ ಹೂತುಕೊಂಡು ಮಲಗುವುದರಿಂದ ಐದು ಸೆಂಟಿಮೀಟರ್ ನಯವಾದ ಮರಳು ಬೇಕು. ನನ್ನದು ಬಂದ ದಿನವೇ ಮರಳಿಗೆ ಇಳಿದು ಮೂರು ದಿನ ಪತ್ತೆಯಿರಲಿಲ್ಲ. ಕೆದಕಿ ನೋಡುವ ಆಸೆಯನ್ನು ಬಹಳ ಕಷ್ಟಪಟ್ಟು ತಡೆದೆ; ನಾಲ್ಕನೆಯ ದಿನ ಏನೂ ಆಗದವನಂತೆ ಎದ್ದು ಬಂದು ತಿಂಡಿ ಕೇಳಿತು.

ಅದು ನೆಲೆಗೊಂಡ ಮೇಲೆ ಫ್ಲಾಶರ್ ರಾಸ್. ಗಂಡು ಹೆಣ್ಣಿನ ಮುಂದೆ ರೆಕ್ಕೆ ಪೂರ್ತಿ ಬಿಚ್ಚಿ ಕ್ಷಣಮಾತ್ರ ಮಿಂಚುವುದನ್ನು ನೋಡಿದರೆ ಬಸ್ಸಿನ ಆಯಾಸವೆಲ್ಲ ಮರೆಯುತ್ತದೆ. ಇವು ಮೊದಲು ಹೆಣ್ಣಾಗಿದ್ದು ಬಳಿಕ ಗಂಡಾಗುವ ಮೀನುಗಳು, ಆದ್ದರಿಂದ ಒಂದು ಗಂಡು, ಒಂದೆರಡು ಹೆಣ್ಣು ಸಾಕು. ಫೇರಿ ರಾಸ್‌ಗಳು ಇವುಗಳ ಹತ್ತಿರದ ಸಂಬಂಧಿಗಳು. ಮಾಲ್ಡೀವ್ಸ್‌ನ ಗುಲಾಬಿ ಬಣ್ಣದ ಒಂದು ಫೇರಿ ರಾಸ್‌ಗೆ 2022ರಲ್ಲಿ ‘ಫಿನಿಫೆನ್ಮಾ’ ಎಂದು ಹೆಸರಿಟ್ಟರು, ದಿವೇಹಿ ಭಾಷೆಯಲ್ಲಿ ಗುಲಾಬಿ ಹೂವು ಎಂದರ್ಥ. ಹೆಸರಿಟ್ಟವರಲ್ಲಿ ಆ ದೇಶದವರೇ ಆದ ಅಹ್ಮದ್ ನಜೀಬ್ ಇದ್ದರು. ನಮ್ಮ ಕೈಗೆ ಎಟುಕುವ ಮೀನಲ್ಲ, ಆದರೂ ಆ ಹೆಸರು ನನಗೆ ಬಹಳ ಇಷ್ಟ.

ಎಲ್ಲರೂ ಮೊದಲು ಕೊಳ್ಳುವುದು ಸಿಕ್ಸ್‌ಲೈನ್ ರಾಸ್. ನೇರಳೆ ಮೈ, ಕಿತ್ತಳೆ ಗೆರೆ, ಕೆಂಪು ಕಣ್ಣು, ಕೈಗೆಟುಕುವ ಬೆಲೆ. ತೊಟ್ಟಿಯಲ್ಲಿ ಮೊದಲು ನೆಲೆನಿಂತರೆ ಆಮೇಲೆ ಬಂದ ಸಣ್ಣ ಮೀನುಗಳನ್ನು ಬಾಳಗೊಡುವುದಿಲ್ಲ, ಅದರಲ್ಲೂ ಇತರ ರಾಸ್‌ಗಳನ್ನು. ಬೇಕೇ ಬೇಕೆಂದರೆ ಎಲ್ಲರಿಗಿಂತ ಕೊನೆಗೆ ತನ್ನಿ. ನನ್ನ ಬಳಿ ಒಂದಿದೆ, ಮುಂಗೋಪಿ. ರಾತ್ರಿ ಕಲ್ಲಿನ ಸಂದಿನಲ್ಲಿ ಬಾಯಿಂದ ಲೋಳೆಯ ಗೂಡು ಕಟ್ಟಿ ಮಲಗುತ್ತದೆ. ಮಂದ ಬೆಳಕು ಹಾಕಿ ಇಣುಕಿದರೆ ಸಾಬೂನಿನ ಗುಳ್ಳೆಯೊಳಗೆ ಕೂತಂತೆ, ಕಿವಿರು ಮಾತ್ರ ನಿಧಾನವಾಗಿ ಆಡುತ್ತಿರುತ್ತದೆ.

ಕ್ಲೀನರ್ ರಾಸ್ ಮಾತ್ರ ಬೇಡ. ಬೇರೆ ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ಹೆಕ್ಕಿ ತಿಂದು ಬದುಕುವ ಜೀವಿ ಅದು. ಮನೆಯ ಮೂರ್ನಾಲ್ಕು ಮೀನುಗಳಿಂದ ಅದರ ಹೊಟ್ಟೆ ತುಂಬದೆ ಹೆಚ್ಚಿನವು ಸೊರಗಿ ಸಾಯುತ್ತವೆ. ಹವಳದ ವಿಷಯವನ್ನೂ ಹೇಳಿಬಿಡುತ್ತೇನೆ: ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಕಡಲತೀರದಿಂದ ಹವಳದ ಕಲ್ಲು ತಂದುಕೊಡುತ್ತೇನೆ ಎನ್ನುವವರ ತಂಟೆಗೆ ಹೋಗಬೇಡಿ, ತೊಟ್ಟಿಯೊಳಗೆ ಜೋಡಿಸಲು ತಯಾರಿಸಿದ ಒಣಕಲ್ಲು ಸಾಕು.

ಚಿತ್ರದುರ್ಗದ ಕಡೆ ಬಂದರೆ ಬಲೆಯ ಚೌಕಟ್ಟನ್ನು ತೋರಿಸುತ್ತೇನೆ, ಅಳತೆ ತೆಗೆದುಕೊಂಡು ಹೋಗಬಹುದು. ಸಂಜೆ ಆರರೊಳಗೆ ಬನ್ನಿ, ಆಮೇಲೆ ಹಳದಿ ರಾಸ್ ಮರಳಿಗೆ ಇಳಿದುಬಿಡುತ್ತದೆ.