ಎಲ್ಲರ ರೆಸ್ಯೂಮೆಯೂ ಒಂದೇ ಥರ ಬರುತ್ತಿದ್ದರೆ

ನೀವು ಬಿಕಾಂ ಕೊನೆಯ ವರ್ಷದವರಿಗೆ ರೆಸ್ಯೂಮೆ ಬರೆಯಲು ಕಲಿಸುವ ಅಧ್ಯಾಪಕರೇ? ಮಕ್ಕಳೆಲ್ಲ ಒಂದೇ ರೆಸ್ಯೂಮೆಯನ್ನು ಹೆಸರು ಬದಲಿಸಿ ಕೊಡುತ್ತಿದ್ದರೆ, ಅದಕ್ಕೆ ಕಾರಣ ಬಹುಶಃ ಸೋಮಾರಿತನವಲ್ಲ, ಮೊದಲೇ ಕೈಗೆ ಸಿಕ್ಕ ಮಾದರಿ. ಅದನ್ನು ಕೊನೆಗೆ ಕೊಡಿ.

ಮೊದಲ ತರಗತಿಯಲ್ಲಿ ಬರೀ ಬಿಳಿ ಹಾಳೆ, 20 ನಿಮಿಷ. ಮಾಡಿದ ಕೆಲಸಗಳನ್ನೆಲ್ಲ ಕನ್ನಡದಲ್ಲೇ ಬರೆಯಲಿ. ಅಪ್ಪನ ಅಂಗಡಿಯ ಉದ್ರಿ ಲೆಕ್ಕ, ಎನ್‌ಎಸ್‌ಎಸ್ ಶಿಬಿರದ ಅಡುಗೆ ಖರ್ಚು, ಎಲ್ಲವೂ ಬರಲಿ. ಇವನ್ನು ಮಕ್ಕಳು ಕೆಲಸವೆಂದೇ ಎಣಿಸುವುದಿಲ್ಲ, ನೀವೇ ಕೇಳಿ ಹೊರತೆಗೆಯಬೇಕು.

ಆಮೇಲೆ ಪ್ರತಿ ಸಾಲಿಗೂ ಮೂರು ಪ್ರಶ್ನೆ: ಏನು ಮಾಡಿದೆ, ಯಾವುದರಲ್ಲಿ, ಎಷ್ಟು? 'ಟ್ಯಾಲಿ ಗೊತ್ತು' (ಟ್ಯಾಲಿ ಎಂದರೆ ಲೆಕ್ಕ ಇಡುವ ತಂತ್ರಾಂಶ) ಎಂಬುದು 'ಟ್ಯಾಲಿಯಲ್ಲಿ ಖರೀದಿ, ಮಾರಾಟದ ವೋಚರ್ ಹಾಕಿ ಜಿಎಸ್‌ಟಿ ವರದಿ ತೆಗೆದಿದ್ದೇನೆ' ಎಂದಾಗುತ್ತದೆ. ಇಂಗ್ಲಿಷಿಗೆ ಹೋಗುವುದು ಇದಾದ ಮೇಲೆ. ಮೊದಲೇ ಇಂಗ್ಲಿಷಿನಲ್ಲಿ ಬರೆಸಿದರೆ ಗೂಗಲ್‌ನಲ್ಲಿ ಸಿಕ್ಕ 'ಆಬ್ಜೆಕ್ಟಿವ್' (ರೆಸ್ಯೂಮೆಯ ಆರಂಭದಲ್ಲಿ ಬರೆಯುವ ಗುರಿಯ ಸಾಲು) ಮತ್ತೆ ಬಂದು ಕೂರುತ್ತದೆ.

ಜೋಡಿಯಾಗಿ ಕೂರಿಸಿ, ಹಾಳೆ ಬದಲಿಸಿ. ಗೆಳೆಯ ಕೇಳಿದಾಗ ಎರಡು ಮಾತು ವಿವರಿಸಲಾಗದ ಸಾಲನ್ನು ಹೊಡೆದುಹಾಕಲಿ.

ಈಗ ಮಾದರಿ ಕೊಡಿ: ಒಂದೇ ಪುಟ ಇರಲಿ; ಧರ್ಮ, ತಂದೆಯ ಹೆಸರು ಬೇಡ. ಫೋಟೊ, ಡಿಕ್ಲರೇಶನ್ (ಬರೆದದ್ದೆಲ್ಲ ನಿಜ ಎಂಬ ಘೋಷಣೆ) ವಿಷಯದಲ್ಲಿ ಖಚಿತ ನಿಯಮವಿಲ್ಲ, ಕೆಲವು ಕಡೆ ಈಗಲೂ ಕೇಳುತ್ತಾರೆ. ಜಾಹೀರಾತು ನೋಡಿ ಸೇರಿಸಲಿ. ಪಿಡಿಎಫ್ ಮಾಡಿ, ಕಡತಕ್ಕೆ ತಮ್ಮ ಹೆಸರನ್ನೇ ಇಟ್ಟು ಕಳುಹಿಸಲಿ.