ಹೆಡ್ ಇಳಿಸಿ ಕೂರಿಸಿದ ಮೇಲೆ ಮಾರುತಿ 800 ಸ್ಟಾರ್ಟ್ ಆಗ್ತಿಲ್ಲ, ಕಾಯಿಲ್ ಬದಲಿಸಲೇ?

ಸಿರುಗುಪ್ಪದಿಂದ ಕೇಳಿದ್ದೀರಿ. ಕಾರ್ಬೋರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಹಳೇ ಮಾರುತಿ 800, ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗೆ ಕೂರುವ ಸೀಲು) ಹೋಗಿತ್ತು. ವಿಡಿಯೊ ನೋಡಿಕೊಂಡು ಮನೆ ಮುಂದೆಯೇ ಹೆಡ್ ಇಳಿಸಿ ಗ್ಯಾಸ್ಕೆಟ್ಟು, ಟೈಮಿಂಗ್ ಬೆಲ್ಟು ಎರಡೂ ಹೊಸದು ಹಾಕಿದ್ದೀರಿ, ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರನ್ನೂ ಬಿಚ್ಚಿ ಕೂರಿಸಿದ್ದೀರಿ. ಈಗ ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ನಡುನಡುವೆ ಕಾರ್ಬೋರೇಟರ್ ಬಾಯಲ್ಲಿ 'ಪಟ್' ಅನ್ನುತ್ತದೆ. ಪ್ಲಗ್ಗು, ಬ್ಯಾಟರಿ ಬದಲಿಸಿಯಾಗಿದೆ, ಇನ್ನು ಕಿಡಿಗೆ ಕರೆಂಟು ಕೊಡುವ ಕಾಯಿಲ್ ತರಲೇ ಅಂತ ಪ್ರಶ್ನೆ.

ತರಬೇಡಿ. ಒಳಗೆ ಬೆಂಕಿ ಹತ್ತದೆ ಆ 'ಪಟ್' ಸದ್ದು ಬರುವುದಿಲ್ಲ. ಅಂದರೆ ಪೆಟ್ರೋಲ್ ಬರುತ್ತಿದೆ, ಕರೆಂಟೂ ಬರುತ್ತಿದೆ, ಕರೆಂಟು ಬರುವ ಹೊತ್ತು ಮಾತ್ರ ತಪ್ಪಿದೆ. ಗಾಳಿ-ಪೆಟ್ರೋಲ್ ಒಳಗೆ ಬಿಡುವ ಇನ್ಲೆಟ್ ವಾಲ್ವ್ ತೆರೆದಿರುವಾಗ ಪ್ಲಗ್ ಕಿಡಿ ಹಾರಿಸಿದರೆ ಬೆಂಕಿ ಬಂದ ದಾರಿಯಲ್ಲೇ ಹಿಂದಕ್ಕೆ ನುಗ್ಗುತ್ತದೆ. ಗ್ಯಾಸ್ಕೆಟ್ ಹೋಗುವ ದಿನದವರೆಗೂ ನಿಮ್ಮ ಕಾಯಿಲ್ ಕೆಲಸ ಮಾಡುತ್ತಿತ್ತು. ಅದು ಕೆಟ್ಟಿರುವುದಕ್ಕಿಂತ, ನೀವು ಕೈ ಹಾಕಿ ಬಿಚ್ಚಿದ ಜಾಗದಲ್ಲೇ ಏನೋ ಹೆಚ್ಚುಕಮ್ಮಿ ಆಗಿರುವ ಸಾಧ್ಯತೆ ಎಷ್ಟೋ ಪಾಲು ಹೆಚ್ಚು.

ಮೊದಲು ಪ್ಲಗ್ ವೈರ್ ನೋಡಿ, ಐದು ನಿಮಿಷದ ಕೆಲಸ. ಈ ಇಂಜಿನ್ನಿಗೆ ಮೂರೇ ಸಿಲಿಂಡರ್, ಬೆಲ್ಟ್ ಇರುವ ಕಡೆಯಿಂದ ಎಣಿಸಿದರೆ 1, 2, 3. ಆದರೆ ಕಿಡಿ ಹೊತ್ತುವ ಸರದಿ 1-3-2. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಒಳಗಿನ ರೋಟರ್ ಯಾವ ಕಡೆ ಸುತ್ತುತ್ತದೆ ಎಂದು ನೋಡಿಕೊಳ್ಳಿ. ಅದೇ ದಿಕ್ಕಿನಲ್ಲಿ ಒಂದರ ವೈರ್ ಆದ ಮೇಲೆ ಮೂರರದ್ದು, ಆಮೇಲೆ ಎರಡರದ್ದು ಬರಬೇಕು.

ಅದು ಸರಿಯಿದ್ದರೆ ಬೆಲ್ಟ್ ಕವರ್ ಬಿಚ್ಚಿ. ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಂಡ) ಹಲ್ಲುಗಾಲಿಯ ಗುರುತು, ಕ್ಯಾಮ್ (ವಾಲ್ವ್ ತೆರೆಯುವ ಮೇಲಿನ ದಂಡ) ಗಾಲಿಯ ಗುರುತು ಎರಡೂ ಒಟ್ಟಿಗೆ ತಮ್ಮ ತಮ್ಮ ಗೆರೆಗೆ ಕೂರಬೇಕು. ಬೆಲ್ಟ್ ಹಾಕುವಾಗ ಕೂತಿತ್ತು ಎಂದು ಬಿಟ್ಟುಬಿಡಬೇಡಿ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಬಿಗಿ ಮಾಡುವಾಗ ಸಡಿಲಿದ್ದ ಕಡೆ ಎಳೆದುಕೊಂಡು ಒಂದೆರಡು ಹಲ್ಲು ಜಾರಿರಬಹುದು. ಪ್ಲಗ್ ಮೂರೂ ತೆಗೆದು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ, ಇಂಜಿನ್ ಸುತ್ತುವ ದಿಕ್ಕಿನಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಮತ್ತೆ ನೋಡಿ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದೇ ಸುತ್ತು, ಅದಕ್ಕೇ ಎರಡು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಲೇಬೇಡಿ, ಅಲ್ಲೇ ನಿಲ್ಲಿಸಿ.

ನನಗೆ ನಿಜವಾದ ಅನುಮಾನ ಇರುವುದು ಡಿಸ್ಟ್ರಿಬ್ಯೂಟರ್ ಮೇಲೆ. ನಾನು ಮೊದಲ ಸಲ ಹೆಡ್ ಇಳಿಸಿದಾಗ ನಮ್ಮ ಗಾಡಿಯೂ ಹೀಗೇ ಪಟ್ ಪಟ್ ಅನ್ನುತ್ತಿತ್ತು. ಬಳ್ಳಾರಿಯ ಬೇಸಿಗೆ, ನಾಲ್ಕು ದಿನ ಬೇವಿನ ಮರದ ಕೆಳಗೆ ಅದರ ಜೊತೆಗೇ ಇದ್ದೆ. ಕಾಯಿಲ್ ತಂದೆ, ಪ್ಲಗ್ ತಂದೆ, ಕಾರ್ಬೋರೇಟರ್ ಬಿಚ್ಚಿ ತೊಳೆದೆ. ಕೊನೆಗೆ ಕೌಲ್ ಬಜಾರಿನಿಂದ ಒಬ್ಬ ಹಿರಿಯ ಮೇಸ್ತ್ರಿಯನ್ನು ಕರೆತಂದೆ, ಎಲ್ಲರೂ ಚಾಚಾ ಅನ್ನುತ್ತಾರೆ. ಅವರು ಪೆಟ್ಟಿಗೆ ಕೂಡ ತೆಗೆಯಲಿಲ್ಲ. ಒಂದನೇ ಪ್ಲಗ್ ಬಿಚ್ಚಿ ಆ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, "ಪುಲ್ಲಿ ತಿರುವು ತಮ್ಮಾ, ನಿಧಾನಕ" ಅಂದರು. ತಿರುಗಿಸಿದೆ. ಪಿಸ್ಟನ್ ಮೇಲೆ ಬಂತು, ಬೆರಳಿಗೆ ಏನೂ ಇಲ್ಲ. ಇನ್ನೊಂದು ಸುತ್ತು ತಿರುಗಿಸಿದೆ, 'ಫುಸ್' ಅಂತ ಗಾಳಿ ಬೆರಳನ್ನು ತಳ್ಳಿತು. "ಇದು ನೋಡು ಕಂಪ್ರೆಷನ್. ಈಗ ಮುಚ್ಚಳ ತೆಗಿ." ತೆಗೆದರೆ ರೋಟರ್ ಮೂತಿ ಒಂದರ ವೈರಿನ ಸರಿಯಾಗಿ ಎದುರು ದಿಕ್ಕಿಗಿತ್ತು.

ಪಿಸ್ಟನ್ ಮೇಲೆ ಬರುವುದು ಎರಡು ಸಲ: ಒಮ್ಮೆ ಗಾಳಿ ಒತ್ತಲು, ಒಮ್ಮೆ ಹೊಗೆ ಹೊರಗೆ ಹಾಕಲು. ನಾನು ಹೊಗೆ ಹಾಕುವ ಸುತ್ತಿನಲ್ಲಿ ಡಿಸ್ಟ್ರಿಬ್ಯೂಟರ್ ಕೂರಿಸಿದ್ದೆ. ಚಾಚಾ ಅದನ್ನು ಎತ್ತಿ ರೋಟರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರು. ಎರಡನೇ ಸೆಲ್ಫಿಗೆ ಗಾಡಿ ಹಿಡಿಯಿತು. ನೀವೂ ಹಾಗೇ ಹೆಬ್ಬೆರಳಿಟ್ಟು ನೋಡಿ. ಗಾಳಿ ತಳ್ಳಿ ಪಿಸ್ಟನ್ ತುದಿಗೆ ಬಂದಾಗ ರೋಟರ್ ಒಂದರ ವೈರಿನ ಕಡೆ ಮುಖ ಮಾಡಿರಬೇಕು.

ಮೂರರಲ್ಲಿ ಯಾವುದಕ್ಕೂ ಗಾಳಿ ತಳ್ಳದೇ ಹೋದರೆ ಮಾತು ಬೇರೆ. ಆಗ ಟಪ್ಪೆಟ್ (ವಾಲ್ವ್ ಮೇಲಿನ ಸಂದು ಹೊಂದಿಸುವ ಸ್ಕ್ರೂ) ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಇಲ್ಲವೇ ಬೆಲ್ಟ್ ತುಂಬಾ ತಪ್ಪಿದೆ. ಪಕ್ಕಪಕ್ಕದ ಎರಡಕ್ಕೆ ಮಾತ್ರ ಇಲ್ಲದಿದ್ದರೆ ಗ್ಯಾಸ್ಕೆಟ್ ಅಥವಾ ಹೆಡ್ ಬೋಲ್ಟ್ ಬಿಗಿಯ ಮೇಲೆ ಅನುಮಾನ ಪಡಿ. ಗಾಳಿ ಒಳಗೆ ಹೋಗುವ ದಾರಿ ಕಟ್ಟಿದ್ದರೂ ಹೀಗಾಗುತ್ತದೆ: ಮ್ಯಾನಿಫೋಲ್ಡ್ (ಸಿಲಿಂಡರಿಗೆ ಗಾಳಿ-ಪೆಟ್ರೋಲ್ ಒಯ್ಯುವ ಕೊಳವೆ) ಬಾಯಿಗೆ ಕಸ ಬೀಳದಿರಲಿ ಅಂತ ಬಟ್ಟೆ ತುರುಕಿದ್ದಿರಾ? ತೆಗೆದದ್ದು ನೆನಪಿದೆಯಾ?

ಒಂದು ವಿಷಯ ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ. ಹಿಂದಕ್ಕೆ ಬೆಂಕಿ ನುಗ್ಗುವ ಇಂಜಿನ್ನಿನ ಏರ್ ಫಿಲ್ಟರ್ ತೆಗೆದಿಟ್ಟು ಕಾರ್ಬೋರೇಟರ್ ಒಳಗೆ ಬಗ್ಗಿ ನೋಡುತ್ತಾ ಸೆಲ್ಫ್ ಹೊಡೆಸಬಾರದು. ಮುಖಕ್ಕೇ ಬರುತ್ತದೆ. ಫಿಲ್ಟರ್ ಮುಚ್ಚಳ ಹಾಕಿರಿ, ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ, ಚೆಲ್ಲಿದ ಪೆಟ್ರೋಲ್ ಒರೆಸಿಯೇ ಮುಂದಿನ ಕೆಲಸ. ಸೆಲ್ಫನ್ನೂ ಒಂದೇ ಸಮನೆ ಹೊಡೆಯಬೇಡಿ, ಹತ್ತು ಸೆಕೆಂಡ್ ಹೊಡೆದು ಬಿಡುವು ಕೊಡಿ. ಇಷ್ಟು ದಿನ ಹೊಡೆದಿದ್ದೀರಲ್ಲ, ಆಯಿಲ್ ಅಳೆಯುವ ಡಿಪ್‌ಸ್ಟಿಕ್ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಗಪ್ಪನೆ ಹೊಡೆದರೆ ಅದು ಆಯಿಲ್ ಜೊತೆ ಬೆರೆತಿದೆ, ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಬದಲಿಸಿ. ಇಲ್ಲದಿದ್ದರೆ ಇಷ್ಟು ಕಷ್ಟಪಟ್ಟು ಕೂರಿಸಿದ ಇಂಜಿನ್ನಿನ ಬೇರಿಂಗ್ ಸವೆಯುತ್ತದೆ.

ಹೆಡ್ ಇಳಿಸಿ ಕೂರಿಸುವಷ್ಟು ಕೈ ಪಳಗಿದ ನಿಮಗೆ ಇದು ಒಂದು ಬೆಳಗಿನ ಕೆಲಸ. ಬಳ್ಳಾರಿಗೆ ಎಳೆಸಿಕೊಂಡು ಬರುವ ಖರ್ಚು ಈಗಲೇ ಬೇಡ. ಬೆರಳಿಗೆ ಗಾಳಿ ತಳ್ಳಿದಾಗ ರೋಟರ್ ಮೂತಿ ಎತ್ತ ಕಡೆಗಿತ್ತು ಎಂದು ಬರೆಯಿರಿ, ಬೆಲ್ಟಿನ ಎರಡೂ ಗುರುತಿನ ಫೋಟೊ ಹಾಕಿ. ನೋಡಿ ಹೇಳುತ್ತೇನೆ.