ಪೆಸಾಕ್ ಹಬ್ಬದಲ್ಲಿ ಮಕ್ಕಳ ಜೊತೆ ಯಾವ ಸಿನಿಮಾ ನೋಡಬಹುದು?

ಮೊದಲು ದಿನ ನೋಡಿಕೊಳ್ಳಿ. ಸಂಪ್ರದಾಯಸ್ಥ ಮನೆಗಳಲ್ಲಿ ಪೆಸಾಕ್‌ನ (ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದದ್ದನ್ನು ನೆನೆಯುವ ಯಹೂದಿಗಳ ಪಸ್ಕ ಹಬ್ಬದ) ಮೊದಲ ಮತ್ತು ಕೊನೆಯ ದಿನ ಟಿವಿ ಹಾಕುವುದಿಲ್ಲ. ಇಸ್ರೇಲ್‌ನ ಹೊರಗೆ ಮೊದಲ ಎರಡು, ಕೊನೆಯ ಎರಡು ದಿನ. ಸಿನಿಮಾಕ್ಕೆ ನಡುವಿನ ದಿನಗಳೇ ಸರಿ, ಅದರಲ್ಲೂ ವಾರದ ವಿಶ್ರಾಂತಿ ದಿನವಾದ ಶನಿವಾರ ಬಿಟ್ಟು.

ನನ್ನ ಆಯ್ಕೆ 1998ರ ‘ದಿ ಪ್ರಿನ್ಸ್ ಆಫ್ ಈಜಿಪ್ಟ್’. 99 ನಿಮಿಷದ ಆನಿಮೇಷನ್, ಇಸ್ರೇಲರನ್ನು ಈಜಿಪ್ಟಿನಿಂದ ಬಿಡಿಸಿ ತಂದ ಪ್ರವಾದಿ ಮೋಶೆಯ ಕಥೆ. ಏಳೆಂಟು ವರ್ಷದ ಮೇಲಿನವರಿಗೆ ಚೆನ್ನಾಗಿ ಹಿಡಿಸುತ್ತದೆ. ಚಿಕ್ಕವರು ಹೆದರುವುದು ಹತ್ತನೇ ಬಾಧೆಯ (ಈಜಿಪ್ಟಿನ ಚೊಚ್ಚಲು ಮಕ್ಕಳು ಸಾಯುವ ದೈವಶಿಕ್ಷೆಯ) ದೃಶ್ಯಕ್ಕೆ: ಕೊಡ ಹಿಡಿದ ಹುಡುಗ ಮನೆಯೊಳಗೆ ಹೋಗುತ್ತಾನೆ, ಕೊಡ ಒಡೆದ ಸದ್ದು, ಆಮೇಲೆ ಬಾಗಿಲಲ್ಲಿ ಅವನ ಕೈ ಮಾತ್ರ. ರಕ್ತ ಒಂದು ಹನಿಯೂ ಇಲ್ಲ, ಆದರೂ ಎದೆ ಝಲ್ಲೆನ್ನುತ್ತದೆ. ಅಲ್ಲಿ ಪಕ್ಕದಲ್ಲೇ ಕೂತಿರಿ. ಈ ಸಿನಿಮಾದಲ್ಲಿ ನದಿಯಲ್ಲಿ ತೇಲಿಬಂದ ಮಗು ಮೋಶೆಯನ್ನು ಎತ್ತಿಕೊಳ್ಳುವವಳು ರಾಣಿ. ಈ ಕಥೆಯ ಮೂಲವಾದ ಬೈಬಲ್‌ನ ವಿಮೋಚನಕಾಂಡದಲ್ಲಿ ಫರೋಹನ (ಈಜಿಪ್ಟಿನ ದೊರೆಯ) ಮಗಳು. ‘ವ್ಯತ್ಯಾಸ ಹುಡುಕಿ’ ಎಂದು ಮೊದಲೇ ಹೇಳಿಟ್ಟರೆ ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಾರೆ. ಕೊನೆಯಲ್ಲಿ ಮಕ್ಕಳು ಹಾಡುವ ಹೀಬ್ರೂ ಸಾಲುಗಳು ಸಮುದ್ರ ದಾಟಿದ ಮೇಲಿನ ಗೀತೆಯವು. ಹಬ್ಬದ ಏಳನೇ ದಿನ ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾ ಮಂದಿರದಲ್ಲಿ) ಓದುವುದೂ ಅದೇ ಭಾಗ.

1956ರ ‘ದಿ ಟೆನ್ ಕಮಾಂಡ್‌ಮೆಂಟ್ಸ್’ ಭವ್ಯ, ಆದರೆ 3 ಗಂಟೆ 40 ನಿಮಿಷ! ಮಧ್ಯಂತರದಲ್ಲಿ ನಿಲ್ಲಿಸಿ, ಉಳಿದದ್ದು ಮರುದಿನಕ್ಕಿಡಿ.

ಪಾಪ್‌ಕಾರ್ನ್ ಮಾತ್ರ ಕೇಳಿಯೇ ಕೊಡಿ. ಅಶ್ಕೆನಾಜಿ (ಮಧ್ಯ, ಪೂರ್ವ ಯುರೋಪ್ ಮೂಲದ ಯಹೂದಿ) ಪದ್ಧತಿಯ ಹಲವರು ಈ ವಾರ ಅಕ್ಕಿ, ಬೇಳೆಯಂತೆ ಮೆಕ್ಕೆಜೋಳವನ್ನೂ ಮುಟ್ಟುವುದಿಲ್ಲ; ಸೆಫಾರ್ಡಿ (ಸ್ಪೇನ್, ಪೋರ್ಚುಗಲ್ ಮೂಲದ ಯಹೂದಿ) ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ಹುರಿದ ಬಾದಾಮಿಯಾದರೆ ತಕರಾರಿಲ್ಲ, ಪೊಟ್ಟಣದ್ದಾದರೆ ಹಬ್ಬಕ್ಕೆ ಸಲ್ಲುತ್ತದೆ ಎನ್ನುವ ಪೆಸಾಕ್ ಮುದ್ರೆ ನೋಡಿ ಕೊಳ್ಳಿ.